ಮಾಜಿ ಸೈನಿಕ ಅಪ್ಪನ ಸ್ಮರಣ ಪುಸ್ತಿಕೆ: ಕಾಸರಗೋಡಿನ ಡಿಟಿಪಿ ಅಂಗಡಿಗಳ ಪ್ಯಾಕೇಜು ಹೇಗಿದೆ?

ಕಾಸರಗೋಡು ಪೇಟೆ, ಕುಂಬಳೆ, ಬದಿಯಡ್ಕ, ಉಪ್ಪಳ, ಮುಳ್ಳೇರಿಯ ಎಲ್ಲಿ ಹೋದರೂ ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಫ್ಲೆಕ್ಸ್ ಮಾಡಿಕೊಡುವ ಅಂಗಡಿಯಲ್ಲೇ ಈಗ ಸ್ಮರಣ ಪುಸ್ತಿಕೆಯ ಪ್ಯಾಕೇಜೂ ಉಂಟು. ಎ5 ಅಳತೆಯ 16 ಪುಟದ ಬಣ್ಣದ ಪುಸ್ತಿಕೆ, ಗೋಡೆಗೆ 12×18 ಇಂಚಿನ ಫೋಟೋ, ಉತ್ತರಕ್ರಿಯೆಯ ಸಭೆಗೆ ಒಂದು ಫ್ಲೆಕ್ಸ್. ಕೆಲವರು ಗ್ರಾನೈಟ್ ಫಲಕವನ್ನೂ ಜೊತೆಗೆ ಒಪ್ಪಿಕೊಳ್ಳುತ್ತಾರೆ. ತೀರಿಹೋದವರು ಮಾಜಿ ಸೈನಿಕರಾದರೆ ಅದಕ್ಕೆಂದೇ ಬೇರೆ ಡಿಸೈನು ತಯಾರಿರುತ್ತದೆ. ಇಲ್ಲಿ ಬರೆದದ್ದು ಆ ಡಿಸೈನಿನ ವಿಮರ್ಶೆ. ಒಂದು ಅಂಗಡಿಯದ್ದಲ್ಲ, ಸಾಮಾನ್ಯವಾಗಿ ಎಲ್ಲರೂ ಕೊಡುವ ಪ್ಯಾಕೇಜಿನದ್ದು.

ಮುದ್ರಣಕ್ಕೆ ಒಳ್ಳೆಯ ಮಾರ್ಕು ಕೊಡಬಹುದು. ಬಣ್ಣ ಚೊಕ್ಕ, ಕಟಿಂಗ್ ನೇರ, ಹೇಳಿದ ದಿನಕ್ಕೆ ಕೈಗೆ ಸಿಗುತ್ತದೆ. ಆದರೆ ಒಳಗಿನ ಹೂರಣ ತೆಳು. ಇದಕ್ಕೆ ಅಂಗಡಿಯವರ ಸೋಮಾರಿತನ ಕಾರಣವಲ್ಲ. ‘ಫೋಟೋ, ಹೆಸರು, ಡೇಟು ಕೊಡಿ, ಉಳಿದದ್ದು ನಾವು ಹಾಕ್ತೇವೆ’ ಎಂದು ಅವರು ಹೇಳುತ್ತಾರೆ, ಸೂತಕದ ಮನೆಯವರು ಅಷ್ಟೇ ಕೊಟ್ಟು ಬರುತ್ತಾರೆ. ಆ ‘ಉಳಿದದ್ದು’ ಕಂಪ್ಯೂಟರಿನಲ್ಲಿ ಮೊದಲೇ ಇರುವ ಮೂರು ಪ್ಯಾರಾ: ಸರಳ ಸಜ್ಜನಿಕೆಯ ಸಾಕಾರಮೂರ್ತಿ, ಶಿಸ್ತಿನ ಸಿಪಾಯಿ, ದೈವಭಕ್ತ, ಕೊಡುಗೈ ದಾನಿ. ಹೆಸರು ಅಳಿಸಿ ಬೇರೆ ಹೆಸರು ಕೂರಿಸಿದರೆ ಅದೇ ಪುಸ್ತಿಕೆ ಪಕ್ಕದ ಮನೆಯ ಅಜ್ಜನಿಗೂ ಆಗುತ್ತದೆ.

ಹಾಗಾಗಿ ದುಡ್ಡು ಕೊಟ್ಟದ್ದಕ್ಕೆ ಪ್ರಯೋಜನ ಆಗಬೇಕಿದ್ದರೆ ಅಂಗಡಿಗೆ ಹೋಗುವ ಮೊದಲೇ ಮನೆಯಲ್ಲಿ ಕೆಲಸ ಮುಗಿಸಿರಬೇಕು. ಮೊದಲು ಬೇಕಾದ್ದು ಡಿಸ್ಚಾರ್ಜ್ ಬುಕ್, ಅಂದರೆ ಸೇನೆ ಬಿಡುವಾಗ ಕೊಡುವ ಸೇವಾ ಪುಸ್ತಕ. ಸೇನೆಗೆ ಸೇರಿದ ದಿನ, ಬಿಟ್ಟ ದಿನ, ಕೊನೆಯ ರ‍್ಯಾಂಕು, ಟ್ರೇಡ್ (ಸೇನೆಯಲ್ಲಿ ಮಾಡಿದ ಕೆಲಸ), ಸಿಕ್ಕಿದ ಮೆಡಲುಗಳು, ನಡತೆಯ ಷರಾ ಎಲ್ಲ ಅದರಲ್ಲಿ ಸಿಗುತ್ತದೆ. ಮನೆಯವರು ಬಾಯಲ್ಲಿ ಹೇಳುವ ‘ಇಪ್ಪತ್ತು ವರ್ಷ ಮಿಲಿಟ್ರಿಯಲ್ಲಿದ್ದರು’ ಎಂಬ ಲೆಕ್ಕ ಅನೇಕ ಸಲ 15 ಅಥವಾ 17 ಇರುತ್ತದೆ. ಜವಾನರಿಗೆ ಪೆನ್ಷನ್ ಸಿಗಲು ಕನಿಷ್ಠ 15 ವರ್ಷದ ಸೇವೆ ಬೇಕು. ಅಷ್ಟು ಮುಗಿಸಿ ಊರಿಗೆ ಬಂದವರು ನಮ್ಮಲ್ಲಿ ಬಹಳ.

ಊರಿನ ಹೆಸರಿನಲ್ಲಿ ಒಂದು ತೊಡಕು ಉಂಟು, ಅದು ಕಾಸರಗೋಡಿನವರಿಗೇ ಮೀಸಲು. ಕಾಸರಗೋಡು ತಾಲೂಕು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆಮೇಲೆ ಕೇರಳಕ್ಕೆ ಸೇರಿ ಕಣ್ಣೂರು ಜಿಲ್ಲೆಯ ಭಾಗವಾಯಿತು. ಕಾಸರಗೋಡು ಜಿಲ್ಲೆ ಹುಟ್ಟಿದ್ದು 1984ರ ಮೇ 24ರಂದು. ಹೀಗಾಗಿ 1960ರ ದಶಕದಲ್ಲಿ ಸೇನೆ ಸೇರಿದವರ ದಾಖಲೆಯಲ್ಲಿ ಜಿಲ್ಲೆ ‘ಕ್ಯಾನನೂರ್’ ಎಂದೋ, ಹುಟ್ಟೂರಿನ ಕಾಲಂನಲ್ಲಿ ‘ಸೌತ್ ಕೆನರಾ’ ಎಂದೋ ಇರುತ್ತದೆ. ಅದನ್ನು ನೋಡಿ ‘ಕಣ್ಣೂರಿನಲ್ಲಿ ಜನಿಸಿದ ಇವರು’ ಎಂದು ಟೈಪ್ ಮಾಡಿದ ಪುಸ್ತಿಕೆಗಳು ಸಭೆಯಲ್ಲಿ ಹಂಚಿಹೋಗುತ್ತವೆ. ಗ್ರಾಮದ ಹೆಸರು ಬರೆದು ‘ಅಂದಿನ ದಕ್ಷಿಣ ಕನ್ನಡ ಜಿಲ್ಲೆ’ ಎಂದು ಹಾಕಿದರೆ ಮುಗಿಯಿತು. ಮಂಜೇಶ್ವರ ಕಡೆಯವರು ತಾಲೂಕಿನ ಹೆಸರು ಬರೆಯುವಾಗಲೂ ಜಾಗ್ರತೆ. ಆ ಕಾಲಕ್ಕೆ ಅದು ಬೇರೆ ತಾಲೂಕು ಆಗಿರಲಿಲ್ಲ.

ರ‍್ಯಾಂಕಿನ ವಿಷಯ ಇನ್ನೂ ಸೂಕ್ಷ್ಮ. ನಾಯಕ್ ಎಂಬುದು ತೋಳಿನಲ್ಲಿ ಎರಡು ಪಟ್ಟಿಯ ರ‍್ಯಾಂಕು, ಲ್ಯಾನ್ಸ್ ನಾಯಕ್‌ಗೆ ಒಂದು ಪಟ್ಟಿ, ಹವಾಲ್ದಾರ್‌ಗೆ ಮೂರು. ನಾಯ್ಕ್, ನಾಯಕ್ ಎರಡೂ ನಮ್ಮೂರಲ್ಲಿ ಮನೆತನದ ಹೆಸರೂ ಹೌದು. ಟೈಪ್ ಮಾಡುವ ಹುಡುಗ ರ‍್ಯಾಂಕನ್ನು ತೆಗೆದು ಹೆಸರಿನ ಕೊನೆಗೆ ಸೇರಿಸಿದರೆ ಅಪ್ಪನ ಜಾತಿಯೇ ಬದಲಾಗುತ್ತದೆ! ರ‍್ಯಾಂಕು ಯಾವಾಗಲೂ ಹೆಸರಿಗೆ ಮೊದಲು, ನಡುವೆ ಚುಕ್ಕಿ ಇಲ್ಲದೆ ಪೂರ್ತಿ ಬರೆದಿರಲಿ. ನಿವೃತ್ತಿಯ ಹೊತ್ತಿಗೆ ಗೌರವ ನಾಯಬ್ ಸುಬೇದಾರ್ ಆದವರಿದ್ದರೆ ‘ಗೌರವ’ ಎಂಬ ಮಾತು ಬಿಡಬಾರದು. ಸುಬೇದಾರ್ ಎಂದಷ್ಟೇ ಬರೆದು ದೊಡ್ಡಸ್ತಿಕೆ ತೋರಿಸಿದರೆ ಸಭೆಗೆ ಬಂದ ಅವರ ಜೊತೆಗಾರರಿಗೆ ಕೂಡಲೇ ಗೊತ್ತಾಗುತ್ತದೆ.

ಯುದ್ಧದ ಬಗ್ಗೆ ಬರೆಯುವಾಗ ಮೆಡಲೇ ಸಾಕ್ಷಿ. 1965ಕ್ಕೆ ಸಮರ್ ಸೇವಾ ಸ್ಟಾರ್ ಮತ್ತು ರಕ್ಷಾ ಮೆಡಲ್. 1971ಕ್ಕೆ ಪೂರ್ವದ ರಣರಂಗದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದವರಿಗೆ ಪಶ್ಚಿಮಿ ಸ್ಟಾರ್. ಸಂಗ್ರಾಮ್ ಮೆಡಲ್ ಇವೆರಡಕ್ಕಿಂತ ವಿಶಾಲ ವ್ಯಾಪ್ತಿಯದು. ಸಂಗ್ರಾಮ್ ಮಾತ್ರ ಇದ್ದು ಸ್ಟಾರ್ ಇಲ್ಲದಿದ್ದರೆ ‘ಢಾಕಾ ಗೆದ್ದ ವೀರ’ ಎಂಬ ಸಾಲು ಹೊಡೆದುಹಾಕಿ. 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ ಸ್ವಾತಂತ್ರ್ಯದ 25ನೇ ವರ್ಷದ ಮೆಡಲ್ ಸಿಕ್ಕಿದೆ, 1997ರಲ್ಲಿ 50ನೇ ವರ್ಷದ್ದು. 9 ವರ್ಷ, 20 ವರ್ಷದ ದೀರ್ಘ ಸೇವೆಯವು ಬೇರೆ. ಇವನ್ನು ಶೌರ್ಯ ಪದಕ ಎಂದು ಬರೆಯುವುದು ಪ್ಯಾಕೇಜಿನ ಮಾಮೂಲಿ ತಪ್ಪು. ಯುದ್ಧಕ್ಕೆ ಹೋಗದೆ ಲಡಾಖಿನ ರಸ್ತೆಗಳಲ್ಲಿ ಲಾರಿ ಓಡಿಸಿದವರ, ವರ್ಕ್‌ಶಾಪಿನಲ್ಲಿ ಇಂಜಿನ್ ಬಿಚ್ಚಿದವರ, ಲಂಗರಿನಲ್ಲಿ ಅಡುಗೆ ಮಾಡಿದವರ ಸೇವೆಗೆ ಸುಳ್ಳಿನ ಒಗ್ಗರಣೆ ಬೇಕಾಗಿಲ್ಲ. ಟ್ರೇಡ್ ಯಾವುದೆಂದು ಸರಿಯಾಗಿ ಬರೆದರೆ ಸಾಕು.

ಡಿಸೈನಿನಲ್ಲಿ ಮೊದಲೇ ಇರುವ ‘ಹುತಾತ್ಮ ಯೋಧ’, ‘ವೀರಮರಣ’ ಎಂಬ ಮಾತುಗಳನ್ನೂ ತೆಗೆಸಬೇಕು. ಎಂಬತ್ತನೇ ವಯಸ್ಸಿನಲ್ಲಿ ಮನೆಯಲ್ಲಿ ತೀರಿಕೊಂಡವರಿಗೆ ಅವು ಸಲ್ಲುವುದಿಲ್ಲ. ಮುಖಪುಟಕ್ಕೆ ರಾಷ್ಟ್ರಧ್ವಜವನ್ನು ಹಾಸಿ ಅದರ ಮೇಲೆ ಹೆಸರು ಅಚ್ಚು ಮಾಡುವುದು ಇನ್ನೊಂದು ಚಾಳಿ. ಧ್ವಜದ ಮೇಲೆ ಅಕ್ಷರ ಬರೆಯಬಾರದು ಎಂದು 2002ರ ಧ್ವಜ ಸಂಹಿತೆಯಲ್ಲೂ 1971ರ ರಾಷ್ಟ್ರೀಯ ಗೌರವಕ್ಕೆ ಸಂಬಂಧಿಸಿದ ಕಾನೂನಿನಲ್ಲೂ ಸ್ಪಷ್ಟವಾಗಿದೆ. ಸಿಂಹ ಲಾಂಛನಕ್ಕೂ 2005ರ ಪ್ರತ್ಯೇಕ ಕಾನೂನು ಉಂಟು. ಮೂರು ಬಣ್ಣದ ಸಣ್ಣ ಪಟ್ಟಿಯೂ ಬೇಡ. ಆಲಿವ್ ಹಸಿರು ಅಥವಾ ತಿಳಿ ಕಂದು ಹಿನ್ನೆಲೆಗೆ ಅಪ್ಪನ ಫೋಟೋ ಒಂದೇ ಇದ್ದರೆ ಚೆನ್ನಾಗಿ ಕಾಣುತ್ತದೆ.

ಈಗ ಫೋಟೋ. ಪ್ಯಾಕೇಜಿನ ಅತ್ಯಂತ ದುರ್ಬಲ ಭಾಗ ಇದು, ಹೆಚ್ಚು ಹೊತ್ತು ಕೊಡಬೇಕಾದ್ದೂ ಇದಕ್ಕೇ. ಮನೆಯಲ್ಲಿ ಸಾಮಾನ್ಯವಾಗಿ ಇರುವುದು ಯೂನಿಫಾರ್ಮಿನ ಒಂದು ಪಾಸ್‌ಪೋರ್ಟ್ ಅಳತೆಯ ಕಪ್ಪು-ಬಿಳುಪು ಪ್ರಿಂಟು. ಅದನ್ನು ಮೊಬೈಲಿನಲ್ಲಿ ಕ್ಲಿಕ್ ಮಾಡಿ ವಾಟ್ಸಾಪಿನಲ್ಲಿ ಕಳುಹಿಸುತ್ತಾರೆ. ಟ್ಯೂಬ್‌ಲೈಟಿನ ಪ್ರತಿಫಲನ ಹಣೆಯ ಮೇಲೆ ಬಿದ್ದಿರುತ್ತದೆ, ವಾಟ್ಸಾಪ್ ಅದನ್ನು ಇನ್ನಷ್ಟು ಹಿಂಡಿರುತ್ತದೆ. ಫ್ಲಾಟ್‌ಬೆಡ್ ಸ್ಕ್ಯಾನರ್ ಇರುವ ಅಂಗಡಿಗೇ ಪ್ರಿಂಟನ್ನು ತೆಗೆದುಕೊಂಡು ಹೋಗಿ ಎದುರೇ ಸ್ಕ್ಯಾನ್ ಮಾಡಿಸಿ. 35×45 ಮಿಲಿಮೀಟರಿನ ಫೋಟೋವನ್ನು 600 ಡಿಪಿಐಗೆ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿದರೆ ಸುಮಾರು 827×1063 ಪಿಕ್ಸೆಲ್ ಬರುತ್ತದೆ. 300 ಡಿಪಿಐ ಮುದ್ರಣಕ್ಕೆ ಅದು 7×9 ಸೆಂಟಿಮೀಟರಿಗೆ ಸಾಕು, ಅಷ್ಟೇ. ಎ5 ಪುಟದ ಅಗಲಕ್ಕೆ ಬೇಕಿದ್ದರೆ 1200 ಡಿಪಿಐ ಹೇಳಿ. ಅದರ ಮೇಲೆ ಹೋದರೆ ಕಾಗದದ ತರಿ ಮಾತ್ರ ದೊಡ್ಡದಾಗುತ್ತದೆ, ಮುಖ ಸ್ಪಷ್ಟವಾಗುವುದಿಲ್ಲ. ಫೈಲನ್ನು ಟಿಫ್ ರೂಪದಲ್ಲಿ ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ. ವಾಟ್ಸಾಪಿನಲ್ಲೇ ಕಳುಹಿಸಬೇಕಾದರೆ ಫೋಟೋ ಆಗಿ ಕಳುಹಿಸದೆ ಡಾಕ್ಯುಮೆಂಟ್ ಆಗಿ ಕಳುಹಿಸಿ. ಗಾಜಿಗೆ ಅಂಟಿಕೊಂಡ ಹಳೆ ಪ್ರಿಂಟನ್ನು ಎಳೆದು ಬಿಡಿಸಲು ಹೋಗಬೇಡಿ, ಮುಖದ ಪದರ ಗಾಜಿನಲ್ಲೇ ಉಳಿಯುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿದರೆ ಸಾಕು.

ನೆಗೆಟಿವ್ ಸಿಕ್ಕಿದರೆ ಅದೃಷ್ಟ, ಆದರೆ ಅದನ್ನು ಮಗುಚಿ ಹಾಕಿದರೆ ಚಿತ್ರ ಕನ್ನಡಿಯ ಪ್ರತಿಬಿಂಬದಂತೆ ತಿರುಗಿಬಿಡುತ್ತದೆ. ಮುಖದಲ್ಲಿ ಇದು ಗೊತ್ತಾಗುವುದಿಲ್ಲ, ಯೂನಿಫಾರ್ಮಿನಲ್ಲಿ ಗೊತ್ತಾಗುತ್ತದೆ. ಮೆಡಲಿನ ರಿಬ್ಬನ್ ಅವರ ಎಡಗಡೆಯ ಕಿಸೆಯ ಮೇಲಿರಬೇಕು, ಹೆಸರಿನ ಪಟ್ಟಿ ಬಲಗಡೆ, ಬೆರೆಟ್ ಟೊಪ್ಪಿಯ ಬ್ಯಾಡ್ಜು ಎಡಗಣ್ಣಿನ ಮೇಲೆ, ಅಂಗಿಯ ಎಡ ಮಡಿಕೆ ಬಲದ ಮೇಲೆ. ಈ ನಾಲ್ಕರಲ್ಲಿ ಒಂದು ತಪ್ಪಿದ್ದರೂ ಚಿತ್ರ ತಿರುಗಿದೆ ಎಂದೇ ಅರ್ಥ. ಒಂದು ಕ್ಲಿಕ್ಕಿನ ಕೆಲಸ, ಹೇಳಿದರೆ ಸರಿಮಾಡಿಕೊಡುತ್ತಾರೆ.

ಹಳೆ ಫೋಟೋವನ್ನು ‘ಎಐಯಲ್ಲಿ ಕ್ಲಿಯರ್’ ಮಾಡಿಕೊಡುವುದು ಈಗಿನ ಹೊಸ ಸೇವೆ. ನಮ್ಮ ಅಭಿಪ್ರಾಯದಲ್ಲಿ ಗೀರು, ಕಲೆ, ಮಡಿಕೆ ತೆಗೆಯುವಷ್ಟಕ್ಕೆ ಅದು ಚೆನ್ನ. ಮುಖ ಸ್ಪಷ್ಟ ಮಾಡಲು ಹೊರಟರೆ ಕಣ್ಣು ಬೇರೆಯವರದ್ದಾಗುತ್ತದೆ, ಮೀಸೆಯ ತುದಿ ಬದಲಾಗುತ್ತದೆ, ಹುಬ್ಬಿನ ನಡುವಿನ ಗಾಯದ ಗುರುತು ಮಾಯವಾಗುತ್ತದೆ. ಟೊಪ್ಪಿಯ ರೆಜಿಮೆಂಟ್ ಬ್ಯಾಡ್ಜು ಯಾವುದೋ ಹೂವಾಗುತ್ತದೆ, ರಿಬ್ಬನ್‌ಗಳು ಅರ್ಥವಿಲ್ಲದ ಪಟ್ಟೆಗಳಾಗುತ್ತವೆ. ಬಣ್ಣ ತುಂಬಿಸಿದರೆ ರಿಬ್ಬನ್ನಿನ ಬಣ್ಣ ತಪ್ಪುವುದು ಖಂಡಿತ. ಕಪ್ಪು-ಬಿಳುಪನ್ನು ಹಾಗೆಯೇ ಬಿಡಿಸಿ. ಇದಕ್ಕಿಂತ ಕೆಟ್ಟದ್ದು ತಲೆ ಕತ್ತರಿಸಿ ಸಿದ್ಧ ಯೂನಿಫಾರ್ಮಿನ ಮೇಲೆ ಕೂರಿಸುವುದು. ಆ ಸಿದ್ಧ ಯೂನಿಫಾರ್ಮು ಹೆಚ್ಚಾಗಿ ಅಧಿಕಾರಿಯದ್ದು, ಭುಜದಲ್ಲಿ ನಕ್ಷತ್ರ ಇರುತ್ತದೆ. ಹವಾಲ್ದಾರ್ ಆಗಿದ್ದವರು ಗೋಡೆಯ ಮೇಲೆ ಕ್ಯಾಪ್ಟನ್ ಆಗಿ ನಿಲ್ಲುತ್ತಾರೆ. ಯೂನಿಫಾರ್ಮಿನ ಫೋಟೋ ಇಲ್ಲದಿದ್ದರೆ ಬಿಳಿ ಅಂಗಿಯ ಫೋಟೋವೇ ಇರಲಿ.

ಪುಟಗಳ ಹಂಚಿಕೆಯಲ್ಲೂ ಪ್ಯಾಕೇಜು ಎಡವುತ್ತದೆ. ಹದಿನೆಂಟಕ್ಕೆ ಸೇರಿ ಮೂವತ್ತೈದರ ಆಸುಪಾಸಿನಲ್ಲಿ ಊರಿಗೆ ಬಂದವರು ಆಮೇಲೆ ನಲವತ್ತು ವರ್ಷ ತೋಟದಲ್ಲೋ ಬ್ಯಾಂಕಿನ ಬಾಗಿಲಲ್ಲೋ ದುಡಿದಿರುತ್ತಾರೆ. ಮಕ್ಕಳು ಕಂಡ ಅಪ್ಪ ಅವರೇ. ಆದರೆ 16 ಪುಟದಲ್ಲಿ ಹತ್ತು ಪುಟ ಟ್ಯಾಂಕು, ಹಿಮಾಲಯ, ಬಂದೂಕಿನ ಸಿದ್ಧ ಚಿತ್ರಗಳಿಗೇ ಹೋಗುತ್ತವೆ. ಸೇನೆಗೆ ನಾಲ್ಕು ಪುಟ ಧಾರಾಳ. ಐದಾರು ಪುಟ ದುಡಿಮೆಗೆ, ಎರಡು ಮೂರು ದೇವರ ಕೆಲಸಕ್ಕೆ, ಉಳಿದದ್ದು ಸಂಸಾರ ಮತ್ತು ಫೋಟೋಗಳಿಗೆ ಎಂದು ನೀವೇ ಒಂದು ಹಾಳೆಯಲ್ಲಿ ಗೆರೆ ಹಾಕಿ ಕೊಡಿ. ಅಂಗಡಿಯವರು ಬೇಡ ಎನ್ನುವುದಿಲ್ಲ, ಅವರಿಗೂ ಅದು ಸುಲಭ.

ದುಡಿಮೆಯ ಪುಟಗಳಿಗೆ ‘ಅವರು ಹೇಗಿದ್ದರು?’ ಎಂದು ಮನೆಯವರನ್ನು ಕೇಳಿದರೆ ‘ಒಳ್ಳೆಯವರು’ ಎಂಬ ಉತ್ತರವೇ ಸಿಗುವುದು. ಕೆಲಸದ ಬಗ್ಗೆ ಕೇಳಬೇಕು. ಬಂದ ಪೆನ್ಷನ್ ಹಣದಲ್ಲಿ ಮೊದಲು ಏನು ಕೊಂಡರು? ಗುಡ್ಡದಲ್ಲಿ ಸುರಂಗ ಕೊರೆಸಿದ್ದು ಯಾರ ಕೈಯಲ್ಲಿ, ಎಷ್ಟು ಕೋಲಿಗೆ ನೀರು ಸಿಕ್ಕಿತು, ಮಣ್ಣು ಹೊತ್ತವರು ಯಾರು? ಅಡಿಕೆ ಗಿಡ ನಾಟಿ ಮಾಡಿದ ವರ್ಷ ಯಾವುದು, ಸ್ಥಳೀಯ ತಳಿಯೋ ಮಂಗಳವೋ? ಕೊಳೆರೋಗಕ್ಕೆ ಮದ್ದು ಬಿಡುವ ದಿನ ಮನೆಯಲ್ಲಿ ಯಾರಿಗೆ ಯಾವ ಕೆಲಸ? ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬುದು ಎಲ್ಲರಿಗೂ ಗೊತ್ತು. ಸುಣ್ಣವನ್ನು ಯಾವ ಬಟ್ಟೆಯಲ್ಲಿ ಸೋಸುತ್ತಿದ್ದರು, ಹದ ನೋಡಲು ಯಾವ ಕತ್ತಿಯ ಅಲಗನ್ನು ಅದ್ದುತ್ತಿದ್ದರು ಎಂಬುದು ಅವರ ಮನೆಯವರಿಗೆ ಮಾತ್ರ ಗೊತ್ತು. ಅದು ಪುಸ್ತಿಕೆಯಲ್ಲಿ ಬರಬೇಕು. 1973ರಲ್ಲಿ ಕ್ಯಾಂಪ್ಕೋ ಶುರುವಾದ ಮೇಲೆ ಅಡಿಕೆ ಕೊಟ್ಟ ಬಿಲ್ಲುಗಳನ್ನು ಟ್ರಂಕಿನಲ್ಲಿ ಕಟ್ಟಿಟ್ಟವರು ಅನೇಕ. ಅಂಥ ಒಂದು ಬಿಲ್ಲನ್ನು ಸ್ಕ್ಯಾನ್ ಮಾಡಿ ಕಾಲು ಪುಟಕ್ಕೆ ಹಾಕಿದರೆ ಮೂರು ಪ್ಯಾರಾದ ಹೊಗಳಿಕೆಗೆ ಸಮ.

ಬರವಣಿಗೆಯ ವ್ಯತ್ಯಾಸ ತಿಳಿಯಲು ಒಂದು ಮಾದರಿ. ಪ್ಯಾಕೇಜಿನ ಸಾಲು: ‘ಶಿಸ್ತು ಮತ್ತು ಸಮಯಪಾಲನೆಗೆ ಹೆಸರಾಗಿದ್ದ ಇವರು ಕಾಯಕವೇ ಕೈಲಾಸ ಎಂದು ನಂಬಿದ್ದರು.’ ಮನೆಯಿಂದ ಬರೆದು ಕೊಡಬಹುದಾದ ಸಾಲು: ‘ಐದು ಗಂಟೆಗೆ ದನದ ಕೊಟ್ಟಿಗೆಯಲ್ಲಿ ಲೈಟು ಬೀಳುತ್ತಿತ್ತು. ಹಾಲಿನ ಸೊಸೈಟಿಗೆ ಹೋಗುವಾಗಲೂ ಅಂಗಿಯ ಕೈ ಮಡಚುತ್ತಿದ್ದದ್ದು ಮೊಣಕೈಗಿಂತ ನಾಲ್ಕು ಬೆರಳು ಮೇಲೆ, ಇಸ್ತ್ರಿಯ ಗೆರೆ ತಪ್ಪದಂತೆ.’ ಎರಡನೆಯದರಲ್ಲಿ ಶಿಸ್ತು ಎಂಬ ಮಾತೇ ಇಲ್ಲ, ಬೇಕಾಗಿಯೂ ಇಲ್ಲ.

ಇದನ್ನೆಲ್ಲ ಸಂಗ್ರಹಿಸಲು ಅವರ ತಂಗಿ, ಭಾವ, ತೋಟದ ಕೆಲಸಕ್ಕೆ ಬರುತ್ತಿದ್ದವರು, ಒಟ್ಟಿಗೆ ಸೇನೆಯಲ್ಲಿದ್ದವರು ಸಿಕ್ಕಿದಾಗ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಒಬ್ಬರಿಗೆ ಇಪ್ಪತ್ತು ನಿಮಿಷ ಸಾಕು. ಆಮೇಲೆ ಸುಸ್ತಾಗಿ ಹೇಳಿದ್ದನ್ನೇ ಹೇಳುತ್ತಾರೆ. ಫ್ಯಾನು ಆಫ್ ಮಾಡಿ, ಫೋನನ್ನು ಮೇಜಿನ ಮೇಲೆ ಬಟ್ಟೆ ಹಾಸಿ ಇಡಿ. ಅವರು ತುಳುವಿನಲ್ಲೋ ಹವ್ಯಕದಲ್ಲೋ ಮಲಯಾಳದಲ್ಲೋ ಹೇಳಿದ ಮಾತನ್ನು ಪುಸ್ತಕದ ಕನ್ನಡಕ್ಕೆ ಇಳಿಸುವಾಗ ಒಂದೆರಡು ಸಾಲು ಹಾಗೆಯೇ ಬಿಡುವುದು ಒಳ್ಳೆಯದು.

ದೇವರ ಕೆಲಸದ ಪುಟಕ್ಕೆ ‘ಅಪಾರ ದೈವಭಕ್ತರು’ ಎಂಬುದು ಸಾಲದು. ಭಜನಾ ಮಂದಿರದಲ್ಲಿ ಅವರ ಕೈಯಲ್ಲಿ ಇದ್ದದ್ದು ತಾಳವೋ ಹಾರ್ಮೋನಿಯಮೋ, ಯಾವ ವಾರ ಹೋಗುತ್ತಿದ್ದರು, ಮೊದಲು ಎತ್ತುತ್ತಿದ್ದ ಹಾಡು ಯಾವುದು, ನಗರ ಭಜನೆಗೆ ಎಷ್ಟು ಮನೆ ತಿರುಗುತ್ತಿದ್ದರು? ಶಬರಿಮಲೆಗೆ ಹೋಗುತ್ತಿದ್ದವರಾದರೆ ಮೊದಲ ಮಾಲೆ ಹಾಕಿದ ವರ್ಷ, ಹಾಕಿಸಿದ ಗುರುಸ್ವಾಮಿ, 41 ದಿನದ ವ್ರತವನ್ನು ಬ್ಯಾರಕ್ಕಿನಲ್ಲಿ ಹೇಗೆ ನಡೆಸಿದರು ಎಂಬುದನ್ನು ಕೇಳಿ. ಹದಿನೆಂಟನೇ ವರ್ಷಕ್ಕೆ ತೆಂಗಿನ ಸಸಿ ಹೊತ್ತು ಹೋಗುವ ಕ್ರಮ ಉಂಟಲ್ಲ, ಆ ವರ್ಷದ ಫೋಟೋ ಹೆಚ್ಚಿನ ಮನೆಯಲ್ಲಿ ಇರುತ್ತದೆ. ವರ್ಷ ಬರೆಯದ ಫೋಟೋಗಳಿಗೆ ಊರಿನ ಉತ್ಸವಗಳೇ ಕ್ಯಾಲೆಂಡರ್. ಹಿನ್ನೆಲೆಯಲ್ಲಿ ಮಧೂರು ದೇವಸ್ಥಾನದ ಮೂಡಪ್ಪ ಸೇವೆಯ ಚಪ್ಪರ ಕಂಡರೆ 1992 ಎಂದು ಹಿಡಿಯಬಹುದು, ಅದರ ನಂತರ ನಡೆದದ್ದು 2025ರಲ್ಲೇ. ಇಗರ್ಜಿಗೆ ಸೇರಿದವರಿಗೆ, ಮಸೀದಿಯ ಜಮಾತಿನವರಿಗೆ ಅಲ್ಲಿನ ರಿಜಿಸ್ಟರುಗಳು ಇದೇ ಕೆಲಸ ಮಾಡುತ್ತವೆ.

ಮರಣದ ದಿನವನ್ನು ತಾರೀಕಿನ ಜೊತೆಗೆ ಮಾಸ, ಪಕ್ಷ, ತಿಥಿ ಸೇರಿಸಿಯೇ ಅಚ್ಚು ಹಾಕಿಸಿ. ನಡುರಾತ್ರಿ ಕಳೆದು ತೀರಿಕೊಂಡವರ ವಿಷಯದಲ್ಲಿ ತಾರೀಕು ಬದಲಾಗಿರುತ್ತದೆ, ತಿಥಿ ಬದಲಾಗಿರಬೇಕೆಂದಿಲ್ಲ. ಪುರೋಹಿತರಲ್ಲಿ ಕೇಳಿ ಬರೆದುಕೊಳ್ಳಿ, ಮೊಬೈಲಿನ ಕ್ಯಾಲೆಂಡರ್ ನಂಬಬೇಡಿ. ಮುಂದೆ ವರ್ಷಂಪ್ರತಿ ಶ್ರಾದ್ಧಕ್ಕೆ ಮೊಮ್ಮಕ್ಕಳು ತೆಗೆದು ನೋಡುವುದು ಈ ಪುಟವನ್ನೇ.

ಅಕ್ಷರದ ಸಮಸ್ಯೆ ಗಡಿನಾಡಿನ ಹಳೆ ರೋಗ. ಇಲ್ಲಿನ ಅಂಗಡಿಗಳಲ್ಲಿ ದಿನವಿಡೀ ಮಲಯಾಳ ಟೈಪಿಂಗ್, ಕನ್ನಡ ಬಂದದ್ದು ನುಡಿ ಅಥವಾ ಶ್ರೀಲಿಪಿಯ ಹಳೆ ಫಾಂಟಿನಲ್ಲಿ. ನೀವು ಮೊಬೈಲಿನಿಂದ ಕಳುಹಿಸುವುದು ಯೂನಿಕೋಡ್. ಪುಟ ಕಟ್ಟುವ ಹಳೆ ತಂತ್ರಾಂಶ ಪೇಜ್‌ಮೇಕರಿಗೆ ಯೂನಿಕೋಡ್ ಗೊತ್ತೇ ಇಲ್ಲ. ಕನ್ವರ್ಟರಿನಲ್ಲಿ ಹಾಕಿ ಬದಲಾಯಿಸುವಾಗ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರುತ್ತದೆ, ಒತ್ತಕ್ಷರದ ಕೆಳಗಿನ ಒತ್ತು ಬಿದ್ದುಹೋಗುತ್ತದೆ. ಸ್ವರ್ಗಸ್ಥ, ಧರ್ಮಪತ್ನಿ, ಕರ್ತವ್ಯ, ಶ್ರದ್ಧಾಂಜಲಿ, ಉತ್ತರಕ್ರಿಯೆ ಈ ಐದನ್ನು ಪ್ರೂಫಿನಲ್ಲಿ ಮೊದಲು ನೋಡಿ. ಶ್ರದ್ಧಾಂಜಲಿಯಲ್ಲಿ ದಕಾರಕ್ಕೆ ಧಕಾರದ ಒತ್ತು ಬರಬೇಕು, ಮುಖಪುಟದಲ್ಲೇ ತಪ್ಪುವುದು ಇದೇ. ‘ರೆಜಿಮೆಂಟ್‌ನ’ ಎಂಬುದು ‘ರೆಜಿಮೆಂಟ್ನ’ ಆಗುವುದು, ‘ಲ್ಯಾನ್ಸ್ ನಾಯಕ್’ ಒಂದಕ್ಕೊಂದು ಅಂಟಿಕೊಳ್ಳುವುದು ಇನ್ನೊಂದು ಜಾತಿಯ ತಪ್ಪು. ಹೊಸ ಇನ್‌ಡಿಸೈನ್ ಇರುವ ಅಂಗಡಿಯಾದರೆ ವರ್ಲ್ಡ್-ರೆಡಿ ಕಂಪೋಸರ್ ಆನ್ ಮಾಡಲು ಹೇಳಿ, ಆಗ ಯೂನಿಕೋಡಿನಲ್ಲೇ ಕೆಲಸ ನಡೆಯುತ್ತದೆ. ಅಕ್ಷರ 13 ಪಾಯಿಂಟಿಗೆ ಕಡಿಮೆ ಬೇಡ, ಸಾಲಿನಿಂದ ಸಾಲಿಗೆ 18 ಪಾಯಿಂಟ್ ಇರಲಿ. ಮಲಯಾಳಕ್ಕೆ ಇಟ್ಟ ಅಂತರವನ್ನೇ ಕನ್ನಡಕ್ಕೂ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಪ್ರೂಫನ್ನು ಕಾಗದದಲ್ಲೇ ತೆಗೆಸಿ, ಮನೆಯಲ್ಲಿ ಕನ್ನಡ ಶಾಲೆಯಲ್ಲಿ ಓದಿದ ಹಿರಿಯರೊಬ್ಬರ ಕೈಗೆ ಪೆನ್ನು ಕೊಟ್ಟು ಕೂರಿಸಿ.

ಮೊಮ್ಮಕ್ಕಳಿಗೆ ಕನ್ನಡ ಓದಲು ಬಾರದ ಮನೆಗಳು ಈಗ ಕಡಿಮೆಯೇನಲ್ಲ. ಇಡೀ ಪುಸ್ತಿಕೆಯನ್ನು ಎರಡು ಭಾಷೆಯಲ್ಲಿ ಮಾಡಿದರೆ ಎರಡೂ ಅರ್ಧಂಬರ್ಧ ಆಗುತ್ತದೆ. ಫೋಟೋದ ಅಡಿಬರಹ ಮಾತ್ರ ಮಲಯಾಳ ಅಥವಾ ಇಂಗ್ಲಿಷಿನಲ್ಲೂ ಇರಲಿ. ರೆಕಾರ್ಡ್ ಮಾಡಿದ ಧ್ವನಿಗೆ ಕ್ಯೂಆರ್ ಕೋಡ್ ಹಾಕಿಸುವುದಿದ್ದರೆ 2 ಸೆಂಟಿಮೀಟರಿಗಿಂತ ಸಣ್ಣದು ಬೇಡ, ಮತ್ತು ‘ಸ್ಟ್ಯಾಟಿಕ್’ (ಲಿಂಕು ಕೋಡಿನೊಳಗೇ ಇರುವ) ಕೋಡೇ ಬೇಕು. ಉಚಿತ ಟ್ರಯಲ್ಲಿನಲ್ಲಿ ಮಾಡಿದ ಡೈನಾಮಿಕ್ ಕೋಡ್ ಅವಧಿ ಮುಗಿದ ಮೇಲೆ ತೆರೆಯುವುದಿಲ್ಲ.

ಕಾಗದ, ಬೈಂಡಿಂಗ್ ವಿಷಯದಲ್ಲಿ ಅಂಗಡಿಯವರ ಮಾತು ಹೆಚ್ಚಾಗಿ ಸರಿ. ಪಿನ್ ಹೊಡೆಯುವ ಪುಸ್ತಿಕೆಯ ಪುಟ ನಾಲ್ಕರ ಮಡಿಯಲ್ಲೇ ಇರಬೇಕು. 18 ಪುಟದ ಮ್ಯಾಟರ್ ಕೊಟ್ಟರೆ ಎರಡು ಪುಟ ಖಾಲಿ ಉಳಿಯುತ್ತದೆ, ಅಲ್ಲಿ ಗುಲಾಬಿ ಹೂವು ಬಂದು ಕೂರುತ್ತದೆ. ಒಳಪುಟಕ್ಕೆ 130 ಜಿಎಸ್‌ಎಂ ಮ್ಯಾಟ್ ಆರ್ಟ್ ಪೇಪರ್ (ಜಿಎಸ್‌ಎಂ ಎಂದರೆ ಕಾಗದದ ಚದರ ಮೀಟರಿಗೆ ಗ್ರಾಂ ತೂಕ), ಮುಖಪುಟಕ್ಕೆ 300 ಜಿಎಸ್‌ಎಂ. ಪ್ರತಿ ಕಡಿಮೆ ಇದ್ದರೆ ಡಿಜಿಟಲ್, ಐನೂರು ದಾಟಿದರೆ ಆಫ್‌ಸೆಟ್ ಅಗ್ಗ. ಡಿಜಿಟಲ್ಲಿನಲ್ಲಿ ಗಾಢ ಬಣ್ಣದ ಮುಖಪುಟ ಮಾಡಿಸಿದರೆ ಮಡಿಕೆಯ ಜಾಗದಲ್ಲಿ ಟೋನರ್ ಬಿರಿದು ಬಿಳಿ ಗೆರೆ ಕಾಣುತ್ತದೆ. ಮಡಚುವ ಮೊದಲು ಕ್ರೀಸಿಂಗ್ (ಮಡಿಕೆಯ ಗೆರೆ ಒತ್ತುವುದು) ಮಾಡಿಸಿ ಅಥವಾ ತಿಳಿ ಬಣ್ಣ ಆರಿಸಿ. ನಮ್ಮ ಕರಾವಳಿಯ ಮಳೆಗಾಲಕ್ಕೆ ಸಾದಾ ಪಿನ್ನು ತುಕ್ಕು ಹಿಡಿದು ನಡುಪುಟಕ್ಕೆ ಕಂದು ಕಲೆ ಬಿಡುತ್ತದೆ. ದಾರದ ಹೊಲಿಗೆ ಮಾಡುವವರು ಸಿಕ್ಕಿದರೆ ಮನೆಗೆ ಇಟ್ಟುಕೊಳ್ಳುವ ಹತ್ತು ಪ್ರತಿಗಾದರೂ ಅದನ್ನೇ ಮಾಡಿಸಿ.

ಗೋಡೆಯ ಫೋಟೋಗೆ ಪ್ಯಾಕೇಜಿನಲ್ಲಿ ಕೊಡುವುದು ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆಗೆ ಅಂಟಿಸಿದ ಲ್ಯಾಮಿನೇಷನ್. ಮುರಕಲ್ಲಿನ ಗೋಡೆ ಜೂನಿನಲ್ಲಿ ತೇವ ಎಳೆದುಕೊಂಡರೆ ಹಲಗೆ ಅಂಚಿನಿಂದ ಉಬ್ಬುತ್ತದೆ. ಸ್ವಲ್ಪ ಹೆಚ್ಚು ಕೊಟ್ಟು ಲ್ಯಾಬ್ ಪ್ರಿಂಟ್ ತೆಗೆಸಿ, ಗಾಜಿಗೂ ಫೋಟೋಗೂ ನಡುವೆ 3 ಮಿಲಿಮೀಟರ್ ಅಂತರ ಬರುವಂತೆ ಮೌಂಟ್ ಹಾಕಿಸಿ, ಹಿಂಬದಿಯ ನಾಲ್ಕು ಮೂಲೆಗೆ ರಬ್ಬರ್ ಗುಂಡಿ ಅಂಟಿಸಿ ಗಾಳಿ ಆಡುವಂತೆ ಮಾಡಿ. ಹಾರ ಫ್ರೇಮಿಗೆ, ಕುಂಕುಮ ಗಾಜಿಗೆ. ಫೋಟೋದ ಮೇಲೆ ಯಾವುದೂ ಬೇಡ.

ಮೆಡಲುಗಳನ್ನು ಫ್ರೇಮ್ ಮಾಡಿಕೊಡುತ್ತೇವೆ ಎಂದರೆ ಎದುರು ನಿಂತು ಮಾಡಿಸಿ. ಯುದ್ಧದ ಸ್ಟಾರ್‌ಗಳು ಮೊದಲು, ಸ್ವಾತಂತ್ರ್ಯ ವಾರ್ಷಿಕೋತ್ಸವದವು ಆಮೇಲೆ, 20 ಮತ್ತು 9 ವರ್ಷದ ದೀರ್ಘ ಸೇವೆಯವು ಕೊನೆಗೆ, ನೋಡುವವರ ಎಡದಿಂದ ಬಲಕ್ಕೆ. ಪಾಲಿಶ್ ಬೇಡವೇ ಬೇಡ. ಮೆಡಲಿನ ಅಂಚಿನಲ್ಲಿ ಸರ್ವಿಸ್ ನಂಬರ್, ರ‍್ಯಾಂಕು, ಹೆಸರು ಸಣ್ಣಕ್ಕೆ ಒತ್ತಿರುತ್ತದೆ, ಹುಣಸೆಹುಳಿ ಹಾಕಿ ತಿಕ್ಕಿದರೆ ಮೊದಲು ಹೋಗುವುದು ಅದೇ. ಚಿನ್ನದ ಲೇಪ ಮಾಡಿಸಿದವರೂ ಇದ್ದಾರೆ, ಅದಕ್ಕೆ ಏನು ಹೇಳುವುದು! ಅಂಟು ಹಾಕದೆ ರಿಬ್ಬನ್ನಿನ ಹಿಂದಿನಿಂದ ನೂಲಿನಲ್ಲಿ ಹೊಲಿದು, ಒಂದು ಇಂಚು ಆಳದ ಪೆಟ್ಟಿಗೆ ಫ್ರೇಮಿನಲ್ಲಿ ಕೂರಿಸಬೇಕು. ರಿಬ್ಬನ್ ಹರಿದಿದ್ದರೆ 32 ಮಿಲಿಮೀಟರ್ ಅಗಲದ್ದೇ ಹೊಸತು ತರಿಸಿ. ಮೆಡಲೇ ಕಳೆದುಹೋಗಿದ್ದರೆ ಮಾರುಕಟ್ಟೆಯ ನಕಲನ್ನು ಕೊಳ್ಳುವ ಮೊದಲು ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆಯಿರಿ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಳಾಸ ಸಿಗುತ್ತದೆ.

ಗ್ರಾನೈಟ್ ಫಲಕಕ್ಕೆ ಒಂದೇ ಮಾತು. ಬಸ್ ತಂಗುದಾಣಕ್ಕಾಗಲಿ ಮಂದಿರದ ಮೆಟ್ಟಿಲಿಗಾಗಲಿ ಒತ್ತಕ್ಷರ ಇರುವ ಕನ್ನಡ ಸಾಲನ್ನು ಒಂದೂವರೆ ಸೆಂಟಿಮೀಟರಿಗಿಂತ ಸಣ್ಣದಾಗಿ ಕೆತ್ತಿಸಬೇಡಿ, ಒತ್ತಿನ ಹೊಟ್ಟೆ ತುಂಬಿಕೊಳ್ಳುತ್ತದೆ. ಬಿಸಿಲು ಬೀಳುವಲ್ಲಿ ಬಂಗಾರ ಬಣ್ಣ ನಿಲ್ಲುವುದಿಲ್ಲ, ಬಿಳಿ ಇರಲಿ.

ಅಸಲು ದಾಖಲೆಗಳನ್ನು ಅಂಗಡಿಯಲ್ಲಿ ಬಿಟ್ಟು ಬರಬಾರದು. ಡಿಸ್ಚಾರ್ಜ್ ಬುಕ್, ಪಿಪಿಒ (ಪೆನ್ಷನ್ ಆದೇಶ ಪತ್ರ), ಮರಣ ಪ್ರಮಾಣಪತ್ರ ಮೂರೂ ಅಮ್ಮನ ಕುಟುಂಬ ಪೆನ್ಷನ್ನಿಗೆ, ಮಾಜಿ ಸೈನಿಕರ ಚಿಕಿತ್ಸಾ ಯೋಜನೆಯ ಇಸಿಎಚ್‌ಎಸ್ ಕಾರ್ಡಿಗೆ ಅದೇ ತಿಂಗಳು ಬೇಕಾಗುತ್ತವೆ. ‘ಹಾಳಾಗ್ತದೆ, ಲ್ಯಾಮಿನೇಟ್ ಮಾಡಿ ಕೊಡ್ತೇವೆ’ ಎಂದರೆ ಒಪ್ಪಬೇಡಿ. ಲ್ಯಾಮಿನೇಟ್ ಆದ ಪುಸ್ತಕದಲ್ಲಿ ಮುಂದೆ ಯಾವ ಕಚೇರಿಯೂ ಷರಾ ಬರೆಯಲು ಆಗುವುದಿಲ್ಲ. ಡಿಸ್ಚಾರ್ಜ್ ಬುಕ್ಕಿನ ಪುಟವನ್ನೇ ಚಿತ್ರವಾಗಿ ಹಾಕುವ ಆಸೆ ಇದ್ದರೆ ಪಿಪಿಒ, ಬ್ಯಾಂಕ್ ಖಾತೆ, ಆಧಾರ್ ನಂಬರುಗಳನ್ನು ಮುಚ್ಚಿಸಿ. ಪೆನ್ಷನ್ ಹೆಸರಿನಲ್ಲಿ ಫೋನ್ ಮಾಡಿ ಮೋಸ ಮಾಡುವವರಿಗೆ ಅಷ್ಟು ಸಾಕು.

ಸಮಯ. ಹದಿಮೂರನೇ ದಿನಕ್ಕೆ ಪುಸ್ತಿಕೆ ಬೇಕೆಂದು ಹಟ ಹಿಡಿಯುವುದೇ ಎಲ್ಲ ಎಡವಟ್ಟಿಗೂ ಮೂಲ. ಆ ದಿನಕ್ಕೆ ಫೋಟೋ, ಹುಟ್ಟಿದ-ತೀರಿದ ದಿನ, ಒಂದು ಪ್ರಾರ್ಥನೆ ಇರುವ ಒಂದೇ ಹಾಳೆಯ ಕಾರ್ಡು ಸಾಕು, ಅದನ್ನು ಒಂದು ದಿನದಲ್ಲಿ ಮಾಡಿಕೊಡುತ್ತಾರೆ. ಪುಸ್ತಿಕೆಯನ್ನು ಮೊದಲ ವರ್ಷದ ಪುಣ್ಯತಿಥಿಗೆ ಇಟ್ಟುಕೊಳ್ಳಿ. ನಡುವೆ ಊರಿಗೆ ಬರುವ ನೆಂಟರು ಫೋಟೋ ತರುತ್ತಾರೆ, ಅಳಿಯನೋ ಭಾವನೋ ತಪ್ಪು ತಿದ್ದುತ್ತಾರೆ. ತಿಥಿಗೆ ಎರಡು ತಿಂಗಳು ಮೊದಲು ಮ್ಯಾಟರ್ ಕೊಟ್ಟರೆ ಎರಡು ಪ್ರೂಫ್ ನೋಡಲು ಆರಾಮ. ಅದು ಮದುವೆ ಸೀಸನ್ನಿಗೆ ಬಿದ್ದರೆ ಮೂರು ತಿಂಗಳು.

ಒಟ್ಟಿನಲ್ಲಿ ಐದರಲ್ಲಿ ಮೂರು ಸ್ಟಾರ್. ಮ್ಯಾಟರ್, ಪುಟದ ಹಂಚಿಕೆ, ಸ್ಕ್ಯಾನ್ ಮೂರನ್ನೂ ನೀವೇ ತೆಗೆದುಕೊಂಡು ಹೋದರೆ ನಾಲ್ಕು ಕೊಡಬಹುದಾದ ಕೆಲಸ ಇವರ ಕೈಯಿಂದ ಬರುತ್ತದೆ. ದುಡ್ಡು ಕೊಡುವ ಮೊದಲು ಪಿಡಿಎಫ್ ಅಲ್ಲದೆ ತಿದ್ದಲು ಬರುವ ಮೂಲ ಫೈಲು, ಬಳಸಿದ ಫಾಂಟು, ಸ್ಕ್ಯಾನ್ ಮಾಡಿದ ಎಲ್ಲ ಚಿತ್ರಗಳನ್ನು ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ. ಕಂಪ್ಯೂಟರ್ ಫಾರ್ಮ್ಯಾಟ್ ಆದ ಮೇಲೆ ಅವರ ಹತ್ತಿರ ಏನೂ ಇರುವುದಿಲ್ಲ. ಪುಸ್ತಿಕೆಯ ಕಟ್ಟು ಬಿಚ್ಚಿ ಮೇಲಿನದ್ದು, ನಡುವಿನದ್ದು, ಅಡಿಯದ್ದು ಒಂದೊಂದು ಪ್ರತಿ ತೆಗೆದು ಪುಟದ ಕ್ರಮ ನೋಡಿ. ನಡುವಿನ ಹಾಳೆ ತಲೆಕೆಳಗಾಗಿ ಪಿನ್ ಹೊಡೆದದ್ದು ಒಂದು ಕಟ್ಟಿನಲ್ಲಿ ನಾಲ್ಕೈದಾದರೂ ಸಿಗುತ್ತದೆ, ಅದನ್ನು ಅಲ್ಲೇ ಬದಲಾಯಿಸಿಕೊಡುತ್ತಾರೆ.